ಅಡಿಗಲ್ಲಿನ ಅಂಚು

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ಎರಡು ಅಡಿಗಲ್ಲು, ಕಮ್ಮಾರರು ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ. ಮೊದಲನೆಯದು ಎರಕ ಹೊಯ್ದ ಬೀಡು ಕಬ್ಬಿಣ. ಸುತ್ತಿಗೆ ಮುಟ್ಟಿಸಿದರೆ 'ಡಬ್' ಎನ್ನುತ್ತದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕದು. ತಂದವನು ಮುತ್ತಜ್ಜನ ಕಾಲದ್ದು ಎಂದು ಆಣೆ ಇಟ್ಟ. ಮುತ್ತಜ್ಜ ಇದ್ದಿರಬಹುದು, ಇದು ಇರಲಿಲ್ಲ.

ಎರಡನೆಯದು ಪರವಾಗಿಲ್ಲ. ಆದರೆ ತಂದವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಅಡಿಗಲ್ಲಿನ ಸೊಂಟದ ಮೇಲಿನ ಅಂಕಿ ತೋರಿಸಿ, "ನೋಡಿ ಮೇಡಂ, 1–2–20. ಒಂದನೇ ತಾರೀಕು, ಫೆಬ್ರವರಿ, ಇಪ್ಪತ್ತನೇ ಇಸವಿ" ಎಂದರು. ತಾರೀಕಲ್ಲ ಸಾರ್, ತೂಕ ಎಂದೆ. ಮೊದಲನೆಯದು ಹಂಡ್ರೆಡ್‌ವೇಟ್. ಅಂದರೆ ನೂರ ಹನ್ನೆರಡು ಪೌಂಡು. ನಡುವಿನದು ಅದರ ಕಾಲು ಭಾಗಗಳು. ಕೊನೆಯದು ಚಿಲ್ಲರೆ ಪೌಂಡು. ಮುಖ ಸಣ್ಣದು ಮಾಡಿಕೊಂಡರು. ಹುಟ್ಟುಹಬ್ಬ ಮಾಡಲು ಕೇಕ್ ತಂದವರಿಗೆ ಮನೆಯಲ್ಲಿ ಯಾರೂ ಇಲ್ಲ ಎಂದ ಹಾಗಾಯಿತು. ನಗು ತಡೆದುಕೊಂಡೆ... ಪೂರ್ತಿ ಅಲ್ಲ.

ಹರಾಜು ಮನೆಯ ಈ ಹಿಂದಿನ ಶೆಡ್ಡಿನಲ್ಲಿ ಹಳೆ ಕಬ್ಬಿಣದ ವಯಸ್ಸು ಹೇಳುವುದು ನನ್ನ ಕೆಲಸ, ಎಲ್ಲರಿಗೂ ನಾನು ಕಬ್ಬಿಣದಕ್ಕ. ಅಮ್ಮ ಹೇಳುವುದು ಬೇರೆ: "ಗಂಡನ್ನ ಕಟ್ಕೊ ಅಂದ್ರೆ ಕಬ್ಬಿಣ ಕಟ್ಕೊಂಡ್ಲು."

ಸಂಜೆ ಯಜಮಾನರು ಕರೆದರು. ಕಸುಬುದಾರರ ಮಂಡಳಿಯಿಂದ ಒಂದು ಅಡಿಗಲ್ಲು ಬರುತ್ತದಂತೆ, ಸೀಲು ಹಾಕಿ. ಕಮ್ಮಾರನೊಬ್ಬ ಕೆಲಸ ಮಾಡುತ್ತಿದ್ದಾಗ ಅಂಚಿನಿಂದ ಚೂರು ಸಿಡಿದು ಬಲಗಣ್ಣು ಹೋಯಿತು. ಮಾರಿದವನು 'ಇನ್ನೂರು ವರ್ಷದ ಅಸಲಿ ಮಾಲು, ಯಾರೂ ಕೈ ಹಚ್ಚಿಲ್ಲ' ಎಂದು ಕೊಟ್ಟಿದ್ದನಂತೆ. ಅದು ನಿಜವಾದರೆ ತಪ್ಪು ಕಮ್ಮಾರನದು, ಕಾದ ಕಬ್ಬಿಣ ಇಡದೆ ಅಡಿಗಲ್ಲಿನ ಬರಿ ಮುಖಕ್ಕೆ ಸಮ್ಮಟಿಗೆ ಬೀಸಿರಬೇಕು. ತಪ್ಪು ಅವನದಾದರೆ ಪರಿಹಾರವೂ ಇಲ್ಲ, ಕುಲುಮೆಯ ಲೈಸೆನ್ಸೂ ಇಲ್ಲ. ಯಾರಾದರೂ ಅಂಚಿಗೆ ವೆಲ್ಡಿಂಗ್ ಹಾಕಿ ಮುಚ್ಚಿಟ್ಟಿದ್ದರೆ ಮಾತೇ ಬೇರೆ. ಅದನ್ನು ನಾನು ಹೇಳಬೇಕು.

"ವಯಸ್ಸು ಹೇಳು, ಯಾರಾದ್ರೂ ಮುಟ್ಟಿದ್ದಾರಾ ಹೇಳು. ಅಷ್ಟೇ" ಎಂದರು ಯಜಮಾನರು.

ಅಷ್ಟೇ.

ಮಾರ್ಚ್ 6, ಗುರುವಾರ

ಬಂದಳು. ಹಳೆಯ ಅಡಿಗಲ್ಲುಗಳನ್ನು ನಾನು ಅಜ್ಜಿ ಎನ್ನುವುದು. ಇವಳು ನಿಜವಾದ ಅಜ್ಜಿ.

ಸೀಮೆಸುಣ್ಣ ಉಜ್ಜಿದೆ, ಅಂಕಿ ಮೇಲೆದ್ದಿತು: 1–3–9. ಹಿಮ್ಮಡಿಯ ಬಳಿ ಚೌಕ ತೂತು ಇದೆ. ಪಕ್ಕದಲ್ಲಿ ದುಂಡು ತೂತು ಇಲ್ಲ. ದುಂಡು ತೂತು ಬಂದದ್ದು ಆಮೇಲೆ. ಅದಿಲ್ಲದವರು ಹೆಚ್ಚು ಕಡಿಮೆ ಇನ್ನೂರು ವರ್ಷದ ಆಚೆಯವರು. ಸೊಂಟದಲ್ಲಿ, ಪಾದದಲ್ಲಿ ಸಣ್ಣ ಗುಂಡಿಗಳು. ಕಾದ ಗಟ್ಟಿಯನ್ನು ಸಲಾಕೆ ಸಿಕ್ಕಿಸಿ ಹೊರಳಿಸಿದ ಗುರುತು. ಹೊಟ್ಟೆಯಲ್ಲಿ ತುಂಡುಗಳನ್ನು ಬಡಿದು ಕೂಡಿಸಿದ ಗೆರೆ. ಎರಕವಲ್ಲ. ಬಡಿದು ಮಾಡಿದ ಮೈ, ಮೇಲೆ ಉಕ್ಕಿನ ಹಾಸು. ಮಾರಿದವನು ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಿಲ್ಲ.

ಆದರೆ ಅಂಚು.

ಇನ್ನೂರು ವರ್ಷ ಏಟು ತಿಂದ ಅಂಚು ದುಂಡಗಾಗಿರಬೇಕು, ಅಲ್ಲಲ್ಲಿ ಉದುರಿರಬೇಕು, ಅಜ್ಜಿಯ ಹಲ್ಲಿನ ಹಾಗೆ. ಇವಳಿಗೆ ನೆಟ್ಟಗಿನ, ಚೂಪಾದ ಅಂಚು. ಕೆಲಸಗಾರ ನಿಲ್ಲುವ ಕಡೆ ಒಂದೇ ಒಂದು ಕಚ್ಚು. ಹೆಬ್ಬೆರಳಿನ ಉಗುರಿನಷ್ಟು. ಆ ಉಗುರಿನಷ್ಟು ಚೂರು ಒಬ್ಬನ ಕಣ್ಣೊಳಗೆ ಹೋಗಿತ್ತು. ಬೆರಳು ಇಟ್ಟು ತಕ್ಷಣ ತೆಗೆದೆ.

ಮಂಡಳಿಯ ಗುಮಾಸ್ತರ ಜೊತೆ ಎರಡೂ ಕಡೆಯವರು ಬಂದಿದ್ದರು. ಮಾರಿದವನನ್ನು ನೋಡಿ ಬೇಸರವಾಯಿತು. ಸೆಂಟಣ್ಣ. ಮನುಷ್ಯ ಬರುವ ಮೊದಲು ಅವನ ಸೆಂಟು ಬರುತ್ತದೆ, ಹೋದ ಮೇಲೂ ಉಳಿಯುತ್ತದೆ. ನಮ್ಮ ಹರಾಜಿಗೆ ಹಳೆ ಸಾಮಾನು ತರುವವನೇ.

"ಕಬ್ಬಿಣದಕ್ಕ ಇದ್ದಾರೆ ಅಂದ್ರೆ ನನಗೆ ಧೈರ್ಯ" ಎಂದ. "ಒಳ್ಳೆ ಮಾಲು ಕೊಟ್ಟೆ. ಈ ಪುಣ್ಯಾತ್ಮ ಬರಿ ಮುಖಕ್ಕೆ ಚಚ್ಚಿದ್ದಾನೆ."

ಕಮ್ಮಾರ ಎತ್ತರದ ಆಳು. ಗಡ್ಡ. ಕಣ್ಣಿಗೆ ಬಿಳಿ ಪಟ್ಟಿ. ಜಗಳ ಆಡಲಿಲ್ಲ. "ಕೆಂಪಗೆ ಕಾದ ಪಟ್ಟಿ ಇತ್ತು ಮೇಡಂ ಮೇಲೆ. ಬರಿ ಮುಖಕ್ಕೆ ನಾನು ಯಾವತ್ತೂ ಹೊಡೆದೋನಲ್ಲ. ನಮ್ಮಪ್ಪ ಕೈ ಮುರೀತಿದ್ದ ಹಾಗೆ ಹೊಡೆದಿದ್ರೆ." ಅವನ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವನು ಹೊರಡುವಾಗ ಬಾಗಿಲ ಚೌಕಟ್ಟಿಗೆ ಭುಜ ತಗುಲಿತು. ಬಲಭುಜ. ಹೆಂಡತಿ ಮೆಲ್ಲಗೆ ಈ ಕಡೆ ಎಳೆದುಕೊಂಡಳು.

ಮಾರ್ಚ್ 7, ಶುಕ್ರವಾರ

ಬೇರಿಂಗಿನ ಗುಂಡು ಬೀಳಿಸಿ ನೋಡಿದೆ. ಮುಖದ ನಡುವೆ ಒಳ್ಳೆಯ ಪುಟಿತ, ಎಲ್ಲ ಕಡೆ ಒಂದೇ ಎತ್ತರ. ಅಂಚಿನ ಬಳಿ ಒಂದೊಂದು ಕಡೆ ಒಂದೊಂದು ಥರ. ಕಬ್ಬಿಣ ಉಜ್ಜುವ ಅರ ಆಡಿಸಿದರೆ ನಡುವೆ ಸ್ವಲ್ಪ ಹಿಡಿಯುತ್ತದೆ, ಅಂಚಿನಲ್ಲಿ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಲೆನ್ಸ್ ಇಟ್ಟೆ. ಕಚ್ಚಿನ ಒಳಗೆ ಸೂಜಿಮೊನೆಯ ತೂತುಗಳು.

ವೆಲ್ಡಿಂಗ್. ಅದೂ ತಣ್ಣಗಿನ ಗಟ್ಟಿಯ ಮೇಲೆ ಹಾಕಿದ್ದು. ಇಷ್ಟು ದೊಡ್ಡ ಮೈಯನ್ನು ಮೊದಲು ನಿಧಾನವಾಗಿ ಕಾಯಿಸಬೇಕು, ಕಾದಿರುವಾಗಲೇ ಹಾಕಬೇಕು, ಆಮೇಲೆ ಬೂದಿಯಲ್ಲಿ ಹೂತು ಆರಲು ಬಿಡಬೇಕು. ಇಲ್ಲವಾದರೆ ಅಂಚು ಗಡುಸಾಗುತ್ತದೆ, ಒಡೆಯಲು ಕಾಯುತ್ತಿರುತ್ತದೆ. ಇದನ್ನು ಹಾಗೆ ಮಾಡಿಲ್ಲ. ಮೇಲಿನಿಂದ ಉಪ್ಪುನೀರು ಹೊಡೆದು ತುಕ್ಕು ಬರಿಸಿದ್ದಾರೆ. ಹಳೆಯ ಗಾಯದಂತೆ ಕಾಣಲೆಂದು ಅಂಚಿನ ಕೆಳಗೆ ಉಳಿಯಿಂದ ಸಣ್ಣ ಸಣ್ಣ ಏಟು ಬೇರೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಷ್ಟು ಗೊತ್ತಾಗಿತ್ತು. ಖುಷಿಯಾಗಿದ್ದೆ! ಕಳ್ಳನನ್ನು ಹಿಡಿದ ಖುಷಿ. ಚಹಾ ತರಿಸಿಕೊಂಡೆ. ಆಮೇಲೆ ಆ ಉಳಿ ಏಟುಗಳನ್ನು ಲೆನ್ಸಿನಲ್ಲಿ ನೋಡಿದೆ.

ಎಲ್ಲವೂ ಒಂದೇ ಕಡೆಗೆ ಓರೆ. ಬಲಗೈಯವನ ಓರೆಯಲ್ಲ. ಎರಡು ಏಟು ಹತ್ತಿರ ಹತ್ತಿರ, ಒಂದು ದೂರ. ಮತ್ತೆ ಎರಡು ಹತ್ತಿರ, ಒಂದು ದೂರ.

ಚಹಾ ಆರಿಹೋಯಿತು.

ಸಂಜೆ ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಗೇಟಿನ ಮುಂದೆ ನಿಂತೆ. ನನ್ನ ತಮ್ಮ ತನ್ನ ವೆಲ್ಡಿಂಗ್ ವರ್ಕ್‌ಶಾಪಿನಲ್ಲಿ ಮಾಡಿ ತಂದು ಹಾಕಿದ ಗೇಟು. ಕಂಬಿಗಳ ತುದಿಗೆ ಎಲೆಗಳು, ಎಲೆಗಳಿಗೆ ಉಳಿಯಿಂದ ಹೊಡೆದ ನರಗಳು. ಎಡಗೈ ಓರೆ. ಎರಡು ಹತ್ತಿರ, ಒಂದು ದೂರ.

ಅಮ್ಮ ಕಿಟಕಿಯಿಂದ ಕೂಗಿದಳು, "ಗೇಟಿಗೂ ವಯಸ್ಸು ಹೇಳ್ತಿದ್ದೀಯೇನೆ? ಒಳಗೆ ಬಾ."

ಮಾರ್ಚ್ 11, ಮಂಗಳವಾರ

ಬರೆಯಲಿಲ್ಲ ಇಷ್ಟು ದಿನ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಮಂಗಬುದ್ಧಿ. ತಮ್ಮ ಇರುವುದು ನಮ್ಮ ಮನೆಯ ಮೇಲಿನ ಭಾಗದಲ್ಲೇ, ಹೆಂಡತಿಯ ಜೊತೆ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದೆ.

ಇವತ್ತು ಮಧ್ಯಾಹ್ನ ಅವನ ವರ್ಕ್‌ಶಾಪಿಗೆ ಹೋದೆ. ಕುರ್ಚಿಯ ಕಾಲಿಗೆ ಬೆಸುಗೆ ಹಾಕುತ್ತಿದ್ದ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ಸೆಂಟಣ್ಣನ ಅಡಿಗಲ್ಲಿಗೆ ಅಂಚು ಕಟ್ಟಿದ್ದು ನೀನಾ?"

ಮುಖವಾಡ ಮೇಲೆತ್ತಿದ. "ಹೌದು. ಹೋದ ವರ್ಷ. ಯಾಕೆ, ಹರಾಜಿಗೆ ಬಂತಾ?"

ಎಷ್ಟು ಸಲೀಸಾಗಿ ಹೇಳಿಬಿಟ್ಟ. ಅವನಿಗೆ ಏನೂ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು: ಕಮ್ಮಾರ, ಚೂರು, ಕಣ್ಣು. ಹೇಳುತ್ತಿದ್ದಂತೆ ಅವನ ಮುಖ ನೋಡಲಾಗಲಿಲ್ಲ. ಪೈಪುಗಳ ರಾಶಿಯ ಮೇಲೆ ಕುಸಿದು ಕುಳಿತ.

"ಬಡಿಯೋಕೆ ಅಂತ ಯಾರು ಹೇಳಿದ್ರು ಅಕ್ಕ? ಶೋಕೇಸಿಗೆ ಅಂದ್ರು. ಯಾವುದೋ ಹೋಟೆಲ್ ಬಾಗಿಲಲ್ಲಿ ಇಡ್ತಾರೆ, ಅಂಚು ನೀಟಾಗಿ ಕಂಡ್ರೆ ಸಾಕು ಅಂದ್ರು. ಬಡಿಯೋಕೆ ಅಂತ ಗೊತ್ತಿದ್ರೆ ನಾನು ಕಾಯಿಸ್ದೆ ಹಾಕ್ತಿದ್ನಾ? ಅಷ್ಟು ತಿಳೀದಾ ನನಗೆ?"

"ಹಳೇ ಗಾಯ ಯಾಕೆ ಕೆತ್ತಿದೆ?"

"ಹೊಸದಾಗಿ ಕಂಡ್ರೆ ಚೆನ್ನಾಗಿರಲ್ಲ ಅಂದ್ರು."

"ಅವರು ಅಂದ್ರು, ಇವರು ಅಂದ್ರು. ನಿನ್ನ ತಲೆ ಏನು ಅಂತು?"

ಎಡಗೈಯಿಂದ ಮುಖ ಒರೆಸಿಕೊಂಡ. ಮಸಿ ಹರಡಿತು. ಚಿಕ್ಕವನಿದ್ದಾಗ ತಪ್ಪು ಮಾಡಿ ಬಂದಾಗ ನಿಲ್ಲುತ್ತಿದ್ದ ಹಾಗೆಯೇ. ಹೊಡೆಯಬೇಕು ಎನಿಸಿತು, ತಲೆ ಸವರಬೇಕು ಎನಿಸಿತು. ಎರಡೂ ಮಾಡದೆ ಬಂದೆ.

ಮಾರ್ಚ್ 12, ಬುಧವಾರ. ಬೆಳಿಗ್ಗೆ

ಅಮ್ಮ ಬೀದಿ ನಲ್ಲಿ ನೀರಿಗೆ ಹೋದ ಸಮಯ ನೋಡಿ ತಮ್ಮ ಇಳಿದು ಬಂದ. ಕಣ್ಣು ಕೆಂಪು.

"ಸೆಂಟಣ್ಣನ್ನ ಕೇಳ್ದೆ. ಬಾಯಿ ಬಿಟ್ರೆ ವೆಲ್ಡಿಂಗ್ ಹಾಕಿದ್ದು ನೀನು, ನಾನಲ್ಲ, ಒಳಗೆ ಹೋಗೋದೂ ನೀನೇ ಅಂದ. ನಾನು ಅಂಚು ಕಟ್ಟು ಅಂದಿದ್ದಕ್ಕೆ ಸಾಕ್ಷಿ ಯಾರು ಅಂತಾನೆ."

ಒಲೆ ಆರಿಸಿದೆ.

"ಅಕ್ಕ, ನೀನು ಸುಳ್ಳು ಬರಿ ಅಂತ ನಾನು ಹೇಳ್ತಿಲ್ಲ. ನಿನ್ನ ಕೈಲಿ ಆಗಲ್ಲ, ಗೊತ್ತು. ಈ ಅಡಿಗಲ್ಲು ನೋಡೋದು ಬಿಟ್ಟುಬಿಡು, ಅಷ್ಟೇ. ಸೆಂಟಣ್ಣನ ಜೊತೆ ನಮ್ಮ ಹರಾಜು ಮನೆಗೆ ವ್ಯವಹಾರ ಇದೆ, ನಾನು ನೋಡೋದು ಸರಿಯಲ್ಲ ಅಂತ ಬರಿ. ನಿಜಾನೇ ತಾನೇ? ಗಂಟೆ ಮೇಷ್ಟ್ರು ನೋಡ್ಲಿ."

ಗಂಟೆ ಮೇಷ್ಟ್ರು! ಹಳೆ ಸಾಮಾನು ಕೂಡಿಡುವ ದೊಡ್ಡ ಮನುಷ್ಯರು. ಅಡಿಗಲ್ಲಿನ ಜಾತಕವನ್ನೆಲ್ಲ ಅದರ ಸದ್ದಿನಲ್ಲೇ ಕೇಳುವವರು. ಲೆನ್ಸ್ ಇಲ್ಲ, ಅರ ಇಲ್ಲ. ಅವರಿಗೆ ವೆಲ್ಡಿಂಗ್ ಕಾಣುವುದು ಹಗಲಲ್ಲಿ ನಕ್ಷತ್ರ ಕಂಡಂತೆ. ತಮ್ಮನಿಗೂ ಅದು ಗೊತ್ತು. ನನಗೂ ಗೊತ್ತು.

ಒಂದು ಸುಳ್ಳೂ ಬೇಡ. ನಿಜವನ್ನೇ ಬರೆದು ಕೈ ತೊಳೆದುಕೊಳ್ಳಬಹುದು. ಎಷ್ಟು ಅಚ್ಚುಕಟ್ಟಾದ ಉಪಾಯ. ಅವನಿಗೆ ಇಷ್ಟು ಬುದ್ಧಿ ಯಾವಾಗ ಬಂತು?

ಮಾರ್ಚ್ 12. ಸಂಜೆ

ಬರೆದುಕೊಟ್ಟೆ.

ಯಜಮಾನರು ಓದಿ ಕನ್ನಡಕ ತೆಗೆದರು. "ಈ ಕಾಲದಲ್ಲಿ ಇಂಥ ಮನುಷ್ಯರು ಎಲ್ಲಿ ಸಿಗ್ತಾರೆ? ಯಾರೂ ಕೇಳೋ ಮೊದಲೇ ಹೇಳಿದ್ಯಲ್ಲ." ಎಲ್ಲರನ್ನೂ ಕರೆದು ಹೇಳಿದರು. ನಮ್ಮ ಆಫೀಸಿನ ಗುಮಾಸ್ತೆ ಬಂದು ಕೈ ಕುಲುಕಿದಳು. ಹೊಗಳಿಕೆ ಇಷ್ಟು ಕಹಿಯಾಗಿರುತ್ತದೆ ಎಂದು ಗೊತ್ತಿರಲಿಲ್ಲ. ನನಗೆ ನನ್ನ ಮೇಲೆ ಹೇಸಿಗೆ.

ಮಾರ್ಚ್ 15, ಶನಿವಾರ

ಗಂಟೆ ಮೇಷ್ಟ್ರು ಬಂದರು. ಕೋಟಿನ ಜೇಬಿನಿಂದ ಪುಟ್ಟ ಹಿತ್ತಾಳೆ ಸುತ್ತಿಗೆ. ಎಲ್ಲರನ್ನೂ ಸುಮ್ಮನಿರಿಸಿದರು. ಅಡಿಗಲ್ಲಿನ ಮುಂದಿನ ಚೂಪು ಕೊಂಬಿಗೆ ಒಂದು ಏಟು. ಟಣ್ಣ್...

"ಕೇಳಿದ್ರಾ? ಇದು ಇನ್ನೂರು ವರ್ಷದ ದನಿ. ಬೆಸುಗೆ ಬಿದ್ದ ಮೈ ಹೀಗೆ ಹಾಡಲ್ಲ."

ಹಾಡುತ್ತದೆ ಸಾರ್. ಅಂಚಿಗೆ ನಾಲ್ಕು ಗೆರೆ ವೆಲ್ಡಿಂಗ್ ಬಿದ್ದರೆ ಅಷ್ಟು ದೊಡ್ಡ ಮೈಯ ದನಿ ಎಲ್ಲಿಗೆ ಹೋಗುತ್ತದೆ? ಬಾಯಿಯ ತುದಿಗೆ ಬಂತು. ಅಂಚಿಗೆ ಒಮ್ಮೆ ಅರ ಹಾಕಿ ನೋಡಿ — ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು, "ಸಾರ್, ಚಹಾಕ್ಕೆ ಸಕ್ಕರೆ ಎಷ್ಟು?"

ಎರಡು ಚಮಚ.

ಚಹಾ ಕುಡಿಯುತ್ತಲೇ ವರದಿ ಬರೆದರು. ಮುಟ್ಟದ ಮಾಲು. ಅಂಚು ಒಡೆದದ್ದು ಬರಿ ಮುಖಕ್ಕೆ ಬಿದ್ದ ಏಟಿನಿಂದ. ಸಹಿ. ಸೆಂಟಣ್ಣ ಹೊರಗೆ ವ್ಯಾನಿಗೆ ಒರಗಿ ನಿಂತಿದ್ದ. ನನ್ನನ್ನು ನೋಡಿ ಕೈ ಮುಗಿದ. ಅವನಿಗೂ ಗೊತ್ತು, ನನಗೆ ಗೊತ್ತೆಂದು. ಆ ಕೈ ಮುಗಿದದ್ದು ಮೈಗೆ ಅಂಟಿಕೊಂಡಿದೆ, ಸೆಂಟಿನ ಜೊತೆ.

ಮಾರ್ಚ್ 22, ಶನಿವಾರ

ಕಮ್ಮಾರನ ಹೆಂಡತಿ ಬಂದಿದ್ದಳು. ಶೆಡ್ಡಿನಲ್ಲಿ ನಾನೊಬ್ಬಳೇ. ಕುಳಿತುಕೋ ಎಂದರೂ ಕೂರಲಿಲ್ಲ.

"ಬುಧವಾರ ಕೂರ್ತಾರಂತೆ ಮಂಡಳೀಲಿ. ಮೇಷ್ಟ್ರು ಬರೆದಿದ್ದು ಓದಿ ಹೇಳಿದ್ರು. ಇವರದೇ ತಪ್ಪಂತೆ."

"ಕೇಳ್ದೆ."

"ನೀವು ಯಾಕೆ ಬಿಟ್ರಿ ಅಕ್ಕ?"

"ಮಾರಿದೋರ ಜೊತೆ ನಮಗೆ ವ್ಯವಹಾರ ಇದೆ. ನಾನು ನೋಡೋದು ಸರಿಯಲ್ಲ."

"ಅವತ್ತು ನೀವು ಅಂಚಿಗೆ ಬೆರಳಿಟ್ಟು ತಕ್ಷಣ ತೆಗೆದ್ರಲ್ಲ, ನೋಡ್ತಿದ್ದೆ. ನಿಮಗೇನೋ ಗೊತ್ತಾಯ್ತು. ಮೇಷ್ಟ್ರಿಗೆ ಗೊತ್ತಾಗಿಲ್ಲ."

ಲೆನ್ಸನ್ನು ಡಬ್ಬಿಗೆ ಹಾಕಿದೆ. ಅವಳೇ ಹೇಳುತ್ತಾ ಹೋದಳು. ಗಂಡ ಕುಲುಮೆಗೆ ಮತ್ತೆ ಇಳಿದಿದ್ದಾನಂತೆ, ಯಾರು ಬೇಡವೆಂದರೂ ಕೇಳದೆ. ದೂರ ಅಂದಾಜು ಸಿಗುತ್ತಿಲ್ಲ. ಕಾದ ಪಟ್ಟಿ ಅಡಿಗಲ್ಲಿನ ಮೇಲಿದೆ ಅಂದುಕೊಳ್ಳುತ್ತಾನೆ, ಇರುವುದು ಗಾಳಿಯಲ್ಲಿ. ಸುತ್ತಿಗೆ ಹೆಬ್ಬೆರಳ ಮೇಲೆ ಬೀಳುತ್ತದೆ. "ನೋವಾದ್ರೆ ಕೂಗ್ತಿದ್ದೋರು. ಈಗ ಕೂಗೋದೂ ಇಲ್ಲ. ನಾನೇ ತಪ್ಪು ಮಾಡಿರಬೇಕು ಕಣೆ, ಬರಿ ಮುಖಕ್ಕೆ ಹೊಡೆದಿರಬೇಕು ಅಂತಾರೆ. ಎಲ್ರೂ ಹೇಳಿ ಹೇಳಿ ಈಗ ಅವರೇ ನಂಬ್ತಿದ್ದಾರೆ."

ಇದನ್ನು ಕೇಳಿ ತಡೆದುಕೊಳ್ಳಲಾಗಲಿಲ್ಲ. ಕಣ್ಣು ಹೋದದ್ದು ಒಂದು. ತನ್ನ ಕೈಯ ಮೇಲೆ ತನಗಿದ್ದ ನಂಬಿಕೆಯೂ ಹೋಗುತ್ತಿದೆ. ಅದನ್ನು ಕಿತ್ತುಕೊಂಡವರಲ್ಲಿ ನಾನೂ ಒಬ್ಬಳು.

ಹೇಳಿಬಿಟ್ಟೆ. ಪೂರ್ತಿ ಅಲ್ಲ. "ಬುಧವಾರ ನೀನೇ ಎದ್ದು ಕೇಳು. ಅಂಚನ್ನ ಸ್ಯಾಂಡ್‌ಪೇಪರಲ್ಲಿ ಸ್ವಲ್ಪ ಉಜ್ಜಿ, ನೀರು ಬೆರೆಸಿದ ಆಸಿಡ್ ಒರೆಸಿ ನೋಡಿ ಅಂತ ಕೇಳು. ಹಳೇ ಉಕ್ಕು ಒಂದು ಬಣ್ಣ, ವೆಲ್ಡಿಂಗ್ ಇನ್ನೊಂದು ಬಣ್ಣ ತಿರುಗುತ್ತೆ. ನಡುವೆ ಗೆರೆ ಬರುತ್ತೆ. ಅದನ್ನ ಮೇಷ್ಟ್ರೂ ಇಲ್ಲ ಅನ್ನಕ್ಕಾಗಲ್ಲ. ನಾನು ಹೇಳ್ದೆ ಅಂತ ಹೇಳ್ಬೇಡ."

ಅವಳು ನನ್ನನ್ನು ನೋಡಿದಳು. ಕೃತಜ್ಞತೆಯ ನೋಟವಲ್ಲ ಅದು. "ಆಯ್ತು" ಎಂದು ಹೋದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವೆಲ್ಡಿಂಗ್ ಇದೆ ಎಂದು ತಿಳಿದರೆ ಕಮ್ಮಾರ ಉಳಿದ. ಯಾರು ಹಾಕಿದ್ದೆಂದು ಆಸಿಡ್ಡಿಗೆ ಗೊತ್ತಾಗುವುದಿಲ್ಲ, ತಮ್ಮನೂ ಉಳಿದ. ಲೆಕ್ಕ ಸರಿಯಾಗಿದೆ. ಸರಿಯಾಗಿದೆ ತಾನೇ?

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ತಮ್ಮ ಕೆಳಗೆ ಬಂದ. ಎಷ್ಟೋ ದಿನವಾಗಿತ್ತು ಎಲ್ಲರೂ ಒಟ್ಟಿಗೆ ಕುಳಿತು. ಅಮ್ಮನಿಗೆ ಸಂಭ್ರಮ. "ಇಬ್ಬರೂ ಮಾತು ಬಿಟ್ಟಿದ್ದೀರೇನೋ ಅಂದ್ಕೊಂಡೆ. ಆಸ್ತಿ ಇದ್ರೆ ತಾನೇ ಜಗಳ? ನನ್ನ ಹತ್ರ ಇರೋದು ಒಂದು ಹೊಲಿಗೆ ಮಿಷನ್ನು. ಅದರಲ್ಲೂ ಪೆಡಲ್ ಮುರಿದಿದೆ." ಇಬ್ಬರೂ ನಕ್ಕೆವು. ಅತಿಯಾಗಿಯೇ ನಕ್ಕೆವು.

ಅಮ್ಮ ಒಳಗೆ ಹೋದ ಮೇಲೆ ಮೆತ್ತಗೆ ಹೇಳಿದ, "ನಿನ್ನೆ ಆ ಕುಲುಮೆ ಹತ್ರ ಹೋಗಿದ್ದೆ. ರಸ್ತೆ ಈ ಕಡೆ ನಿಂತು ನೋಡ್ದೆ."

"ಯಾಕೆ ಹೋದೆ?"

"ಗೊತ್ತಿಲ್ಲ. ಅವರು ಇಕ್ಕಳಕ್ಕೆ ಅಂತ ಕೈ ಚಾಚಿದ್ರು, ಇಕ್ಕಳ ಪಕ್ಕದಲ್ಲಿತ್ತು. ತಡಕಾಡಿದ್ರು." ತಟ್ಟೆಯ ಅಂಚನ್ನು ಉಜ್ಜುತ್ತಾ ಕುಳಿತ. "ದಾಟಿ ಹೋಗಿ ಹೇಳ್ಬೇಕು ಅನ್ಸ್ತು. ಕಾಲು ಬರ್ಲಿಲ್ಲ. ನೀನು ಬಿಟ್ಟು ಉಪಕಾರ ಮಾಡ್ದೆ ಅಕ್ಕ. ನಿನ್ನ ಋಣ ತೀರ್ಸೋಕಾಗಲ್ಲ."

ಇಡ್ಲಿ ತಟ್ಟೆಯಲ್ಲೇ ಬಿಟ್ಟೆ. ನಾಳೆ ಆ ಹೆಂಗಸು ಎದ್ದು ನಿಲ್ಲುತ್ತಾಳೆಂದು ಇವನಿಗೆ ಹೇಳಲಿಲ್ಲ. ಎರಡೂ ಕಡೆ ಮುಚ್ಚಿಡುವವಳಾದೆ.

ಮಾರ್ಚ್ 26, ಬುಧವಾರ. 10.20

ಮಂಡಳಿಯ ಕೋಣೆ. ಹಿಂದಿನ ಸಾಲಿನ ಮೂಲೆ. ರಜೆ ಹಾಕಿ ಬಂದಿದ್ದೇನೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಯಾರಾದರೂ ನೋಡಿದರೆ ಪೇಪರಿನವಳು ಅಂದುಕೊಳ್ಳಲಿ.

ಅಡಿಗಲ್ಲು ಮುಂದೆ, ಮರದ ದಿಮ್ಮಿಯ ಮೇಲೆ. ಸಾಗಿಸುವ ಹೊಣೆ ಮಾರಿದವನದಂತೆ. ಎತ್ತಿ ಇಳಿಸಲು ಸೆಂಟಣ್ಣ ಕರೆತಂದದ್ದು ಯಾರನ್ನು? ನನ್ನ ತಮ್ಮನನ್ನು. ಆಳಿನ ಬರ ಇಲ್ಲ ಊರಲ್ಲಿ. ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು ಕರೆತಂದಿದ್ದಾನೆ. ಇಳಿಸಿದ ಮೇಲೂ ಹೋಗಲು ಬಿಡದೆ ತನ್ನ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡಿದ್ದಾನೆ. ತಮ್ಮ ಒಮ್ಮೆ ತಿರುಗಿ ನನ್ನನ್ನು ನೋಡಿದ. ನಾನು ಏಕೆ ಬಂದೆ ಎಂಬ ಪ್ರಶ್ನೆ ಮುಖದ ತುಂಬ.

10.50

ಮೇಷ್ಟ್ರ ವರದಿ ಓದಿದರು. ಮೇಷ್ಟ್ರು ಮತ್ತೊಮ್ಮೆ ಟಣ್ಣ್ ಎನಿಸಿ ತೋರಿಸಿದರು. ಅಧ್ಯಕ್ಷೆ ವಯಸ್ಸಾದ ಹೆಂಗಸು, ನಿದ್ದೆಯ ಕಣ್ಣು, ಆದರೆ ಮಾತು ಹರಿತ. "ಸಂಗೀತ ಆಯ್ತು. ಬೇರೆ ಯಾರಾದ್ರೂ?"

ಕಮ್ಮಾರನ ಹೆಂಡತಿ ಎದ್ದಳು. ನಾನು ಹೇಳಿದ ಮಾತು, ಒಂದೂ ಬಿಡದೆ. ಮೇಷ್ಟ್ರು ನಕ್ಕರು. ಅಧ್ಯಕ್ಷೆ ನಗಲಿಲ್ಲ. ಯಾರನ್ನೋ ಆಸಿಡ್ ತರಲು ಕಳಿಸಿದ್ದಾರೆ.

ತಮ್ಮನ ಬೆನ್ನು ನೆಟ್ಟಗಾಯಿತು. ತಿರುಗಿದ. ಈ ಬಾರಿ ಪ್ರಶ್ನೆ ಇರಲಿಲ್ಲ ಮುಖದಲ್ಲಿ. ಆಸಿಡ್ಡಿನ ವಿಷಯ ಆ ಹೆಂಗಸಿಗೆ ಯಾರು ಹೇಳಿಕೊಟ್ಟರೆಂದು ಅವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ತಪ್ಪಿಸಿದ್ದು ನಾನು.

11.25

ಒರೆಸಿದರು. ಗೆರೆ ಬಂತು. ಕಪ್ಪು, ನೇರ, ಅಂಚಿನುದ್ದಕ್ಕೂ. ಎಲ್ಲರೂ ಬಗ್ಗಿ ನೋಡಿದರು. ಮೇಷ್ಟ್ರು ಹಿತ್ತಾಳೆ ಸುತ್ತಿಗೆ ಜೇಬಿಗೆ ಹಾಕಿಕೊಂಡರು. ಕಮ್ಮಾರ ಉಳಿದ ಒಂದು ಕಣ್ಣಿನಿಂದ ಆ ಗೆರೆಯನ್ನೇ ನೋಡುತ್ತಾ ನಿಂತಿದ್ದ. "ನಾನು ಬರಿ ಮುಖಕ್ಕೆ ಹೊಡೀಲಿಲ್ಲ" ಎಂದ. ಯಾರಿಗೂ ಅಲ್ಲ, ತನಗೆ. ನನಗೆ ಅಳು ಬಂತು. ಮುಗಿಯಿತು ಅಂದುಕೊಂಡೆ. ಎಂಥ ದಡ್ಡಿ ನಾನು.

ಸೆಂಟಣ್ಣ ಎದ್ದ. ಒಂದಿಷ್ಟೂ ಗಾಬರಿ ಇಲ್ಲ.

"ವೆಲ್ಡಿಂಗ್ ಇದೆ, ಒಪ್ಕೊಂಡೆ. ಹಾಕಿದ್ದು ಯಾರು? ನಾನು ವ್ಯಾಪಾರಿ ಮೇಡಂ, ನನ್ನ ಹತ್ರ ವೆಲ್ಡಿಂಗ್ ಮಿಷನ್ ಇಲ್ಲ. ಈ ಮನುಷ್ಯ ಕಮ್ಮಾರ. ಅವನ ಕುಲುಮೇಲಿ ಇದೆ. ನಾನು ಮಾರಿದ ಮೇಲೆ ತಾನೇ ಅಂಚು ಕಟ್ಕೊಂಡು, ಸರಿಯಾಗಿ ಕಟ್ಟೋಕೆ ಬರದೆ ಕಣ್ಣು ಕಳ್ಕೊಂಡು, ಈಗ ನನ್ನ ತಲೆಗೆ ಕಟ್ತಿದ್ದಾನೆ. ಇದು ಬರಿ ಅಜಾಗ್ರತೆ ಅಲ್ಲ, ಮೋಸ. ಬರ್ಕೊಳ್ಳಿ."

ಕಮ್ಮಾರನ ಹೆಂಡತಿ ನನ್ನ ಕಡೆ ತಿರುಗಿದಳು. ನೀನು ಹೇಳಿಕೊಟ್ಟದ್ದು ಇದಕ್ಕಾ ಎಂಬ ನೋಟ. ನನ್ನ ಅರ್ಧ ಸತ್ಯ ಕಮ್ಮಾರನನ್ನು ತಪ್ಪಿತಸ್ಥನಿಂದ ಮೋಸಗಾರನನ್ನಾಗಿ ಮಾಡಿತು. ಅಕ್ಷರ ಓಡುತ್ತಿದೆ.

11.40

ಅಧ್ಯಕ್ಷೆ ಕಮ್ಮಾರನನ್ನು ಕೇಳಿದರು, ನೀನು ಹಾಕಿದ್ದಲ್ಲ ಎಂದು ಹೇಗೆ ತೋರಿಸುತ್ತೀಯ? ಅವನು ಕೈಯನ್ನು ಮುಂದೆ ಚಾಚಿದ, ಬಲಗೈ, ಸುತ್ತಿಗೆ ಹಿಡಿದು ದಡ್ಡುಗಟ್ಟಿದ ಅಂಗೈ, ಅದೇ ಸಾಕ್ಷಿ ಎನ್ನುವ ಹಾಗೆ. ಸಾಕ್ಷಿಯೇ ಹೌದು. ಆ ಉಳಿ ಏಟು ಬಲಗೈಯದಲ್ಲ. ಅದನ್ನು ಓದಲು ಬರುವವರು ನನ್ನನ್ನು ಬಿಟ್ಟರೆ ಇಲ್ಲಿ ಯಾರೂ ಇಲ್ಲ.

ಅಧ್ಯಕ್ಷೆ ಪೆನ್ನು ಎತ್ತಿಕೊಂಡರು. ಬರೆಯುವ ಮೊದಲು ಕೋಣೆಯತ್ತ ನೋಡಿ ಕೇಳುತ್ತಿದ್ದಾರೆ: "ಈ ಅಂಚು ಕಟ್ಟಿದ ಕೈ ಯಾರದು ಅಂತ ಗೊತ್ತಿರೋರು ಇಲ್ಲಿ ಯಾರಾದ್ರೂ ಇದ್ದೀರಾ?"

ಇದ್ದೇವೆ. ಇಬ್ಬರು. ಒಬ್ಬ ಸೆಂಟಣ್ಣನ ಹಿಂದೆ ತಲೆ ತಗ್ಗಿಸಿ, ಎಡಗೈಯನ್ನು ತೊಡೆಯ ಕೆಳಗೆ ಅವುಚಿಕೊಂಡು ಕುಳಿತಿದ್ದಾನೆ. ಏಳು ಮಗಾ. ನೀನೇ ಏಳು. ನಾನೇ ಹೇಳಬೇಕಾಗುವ ಹಾಗೆ ಮಾಡಬೇಡ. ಏಳುತ್ತಿಲ್ಲ.

ಇನ್ನೊಬ್ಬಳು ಬರೆಯುತ್ತಲೇ ಎದ್ದು —